ಮೋಡ ಕವಿದ ರಾತ್ರಿಯಲ್ಲೂ ಉಲ್ಕೆ ಎಣಿಸಬಹುದೇ? ‘ಗಂಟೆಗೆ 100’ ಎಂಬ ಫಾರ್ವರ್ಡ್‌ನ ಅಸಲಿ ಲೆಕ್ಕ

ಆಗಸ್ಟ್ ಎರಡನೇ ವಾರ ಬಂತೆಂದರೆ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಸಂದೇಶ ತಪ್ಪದೆ ಓಡಾಡುತ್ತದೆ. ಇಂದು ರಾತ್ರಿ ಉಲ್ಕಾಮಳೆ, ಗಂಟೆಗೆ 100 ಉಲ್ಕೆಗಳು, ಎಲ್ಲರೂ ತಪ್ಪದೆ ನೋಡಿ, ಎಲ್ಲರಿಗೂ ಕಳಿಸಿ. ಜೊತೆಗೆ ಬೆಟ್ಟವೊಂದರ ಮೇಲೆ ಹತ್ತಾರು ಬೆಳಕಿನ ಗೆರೆಗಳು ಒಟ್ಟಿಗೇ ಸುರಿಯುತ್ತಿರುವ ಫೋಟೊ.

ಅಲಾರಂ ಇಟ್ಟುಕೊಂಡು, ನಡುರಾತ್ರಿ ಎದ್ದು, ತಾರಸಿ ಹತ್ತಿದರೆ ತಲೆಯ ಮೇಲೆ ಮುಂಗಾರಿನ ಮೋಡ. ಅರ್ಧ ಗಂಟೆ ಕತ್ತು ನೋಯಿಸಿಕೊಂಡು ಕೆಳಗಿಳಿದವರು ಬೆಳಿಗ್ಗೆ ಅದೇ ಗ್ರೂಪಿನಲ್ಲಿ ಬರೆಯುತ್ತಾರೆ: ಏನೂ ಇರಲಿಲ್ಲ, ಎಲ್ಲ ಬೊಗಳೆ.

ಈ ಎರಡೂ ಸಂದೇಶಗಳು ದಾರಿ ತಪ್ಪಿಸುತ್ತವೆ. ಉಲ್ಕಾಮಳೆ ನಿಜ, ಆದರೆ ‘ಗಂಟೆಗೆ 100’ ಎಂಬುದು ನಿಮ್ಮ ಕಣ್ಣಿಗೆ ಕಾಣುವ ಸಂಖ್ಯೆಯಲ್ಲ. ಮೋಡ ಇತ್ತು ಎಂಬುದೂ ನಿಜ, ಆದರೆ ಅದರಿಂದ ಉಲ್ಕೆಗಳು ಇರಲಿಲ್ಲ ಎಂದಾಗುವುದಿಲ್ಲ. ಅರೆಮೋಡದ ಆಕಾಶದಲ್ಲೂ ಉಲ್ಕೆಗಳನ್ನು ಎಣಿಸಿ ಲೆಕ್ಕ ಹಾಕುವ ಕ್ರಮವೊಂದಿದೆ. ಆಕಾಶ ಪೂರ್ತಿ ಮುಚ್ಚಿದ್ದರೂ ಅವುಗಳ ಸುಳಿವು ಹಿಡಿಯುವ ಉಪಾಯವಿದೆ. ಎರಡನ್ನೂ ಒಂದೊಂದಾಗಿ ನೋಡೋಣ.

ಫಾರ್ವರ್ಡ್‌ನಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

ಆಗಸ್ಟ್‌ನಲ್ಲಿ ಬರುವ ಉಲ್ಕಾಮಳೆಯ ಹೆಸರು ಪರ್ಸಿಯಡ್ಸ್. ಸ್ವಿಫ್ಟ್-ಟಟಲ್ ಎಂಬ ಧೂಮಕೇತು ಸುಮಾರು 133 ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತದೆ. ಅದು ಕೊನೆಯ ಬಾರಿ ಸೂರ್ಯನ ಬಳಿ ಬಂದದ್ದು 1992ರಲ್ಲಿ. ಪ್ರತಿ ಸಲ ಬಂದಾಗಲೂ ಅದು ತನ್ನ ದಾರಿಯುದ್ದಕ್ಕೂ ದೂಳು ಚೆಲ್ಲಿ ಹೋಗಿದೆ. ಪ್ರತಿವರ್ಷ ಜುಲೈ ಮಧ್ಯದಿಂದ ಆಗಸ್ಟ್ ಕೊನೆಯ ವಾರದವರೆಗೆ ಭೂಮಿ ಆ ದೂಳಿನ ಮೂಲಕ ಹಾದುಹೋಗುತ್ತದೆ. ಆಗಸ್ಟ್ 12-13ರ ಸುಮಾರಿಗೆ ದೂಳು ಅತ್ಯಂತ ದಟ್ಟವಾಗಿರುತ್ತದೆ. ಮರಳಿನ ಹರಳಿನಷ್ಟಿರುವ ಕಣಗಳು ಸೆಕೆಂಡಿಗೆ ಸುಮಾರು 59 ಕಿ.ಮೀ. ವೇಗದಲ್ಲಿ, ಅಂದರೆ ಗಂಟೆಗೆ 2 ಲಕ್ಷ ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ನಮ್ಮ ವಾತಾವರಣಕ್ಕೆ ನುಗ್ಗಿ ಉರಿದುಹೋಗುತ್ತವೆ. ನಾವು ‘ಚುಕ್ಕಿ ಬಿತ್ತು’ ಎನ್ನುವುದು ಇದನ್ನೇ. ಬೀಳುವುದು ನಕ್ಷತ್ರವಲ್ಲ. ಈ ಕಣಗಳು ನೆಲದವರೆಗೆ ಬರುವುದೂ ಇಲ್ಲ.

ಹಾಗಾಗಿ ‘ಉಲ್ಕಾಮಳೆ ಇದೆ’ ಎಂಬ ಮಾತು ಸರಿ. ಅದರ ಬೆನ್ನಿಗೆ ಅಂಟಿಕೊಂಡು ಬರುವ ಮಾತುಗಳನ್ನು ಮಾತ್ರ ಬಿಡಿಸಿ ನೋಡಬೇಕು.

• ‘ರಾತ್ರಿ ಹಗಲಿನಂತಾಗುತ್ತದೆ.’ 2017ರ ಆಗಸ್ಟ್‌ನಲ್ಲಿ ಇಂಥ ಸಂದೇಶವೊಂದು ಜಗತ್ತಿನಾದ್ಯಂತ ಹರಿದಾಡಿತು. ಮನುಷ್ಯರು ಕಂಡ ಅತಿ ಪ್ರಕಾಶಮಾನ ಉಲ್ಕಾಮಳೆ ಇದು, ಮತ್ತೆ ಬರುವುದು 96 ವರ್ಷದ ನಂತರ ಎಂದು ಅದರಲ್ಲಿತ್ತು. ಅದು ಸುಳ್ಳು ಎಂದು ನಾಸಾದವರೇ ಹೇಳಬೇಕಾಯಿತು. ಪರ್ಸಿಯಡ್ಸ್ ಬರುವುದು ಪ್ರತಿವರ್ಷ. ಅದರಿಂದ ರಾತ್ರಿ ಹಗಲಾಗುವುದಿಲ್ಲ.

• ‘ಅಪಾಯಕಾರಿ ಕಿರಣಗಳು ಬರುತ್ತವೆ, ಮೊಬೈಲ್ ಸ್ವಿಚ್ ಆಫ್ ಮಾಡಿ ದೂರ ಇಡಿ.’ ಇದು ಹಳೆಯ ಕಾಸ್ಮಿಕ್ ಕಿರಣದ ಫಾರ್ವರ್ಡ್. ವರ್ಷಕ್ಕೊಮ್ಮೆ ಹೊಸ ದಿನಾಂಕ ಹಾಕಿಕೊಂಡು ಬರುತ್ತದೆ. ಉಲ್ಕಾಮಳೆಗೂ ಮೊಬೈಲ್‌ಗೂ ಇಂಥ ಯಾವ ಸಂಬಂಧವೂ ಇಲ್ಲ.

• ಬೆಳಕಿನ ಗೆರೆಗಳು ಒಟ್ಟಿಗೇ ಸುರಿಯುವ ಫೋಟೊ. ಇವು ಬಹುಪಾಲು ಸುಳ್ಳು ಚಿತ್ರಗಳಲ್ಲ, ಜೋಡಿಸಿದ ಚಿತ್ರಗಳು. ಕ್ಯಾಮೆರಾವನ್ನು ಒಂದೇ ಕಡೆ ನಿಲ್ಲಿಸಿ, ಗಂಟೆಗಟ್ಟಲೆ ನೂರಾರು ಫೋಟೊ ತೆಗೆದು, ಉಲ್ಕೆ ಸಿಕ್ಕಿದವುಗಳನ್ನು ಮಾತ್ರ ಒಂದರ ಮೇಲೊಂದು ಕೂಡಿಸಿರುತ್ತಾರೆ. ಛಾಯಾಗ್ರಾಹಕರು ಅದನ್ನು ಶೀರ್ಷಿಕೆಯಲ್ಲಿ ಹೇಳಿಯೂ ಇರುತ್ತಾರೆ. ಫಾರ್ವರ್ಡ್ ಆಗುವಾಗ ಶೀರ್ಷಿಕೆ ಉದುರಿಹೋಗಿ ಫೋಟೊ ಮಾತ್ರ ಉಳಿಯುತ್ತದೆ.

ಮೋಡ ಎಲ್ಲಿ, ಉಲ್ಕೆ ಎಲ್ಲಿ?

ಮಳೆಮೋಡಗಳ ತಳ ನೆಲದಿಂದ ಒಂದೆರಡು ಕಿ.ಮೀ. ಎತ್ತರದಲ್ಲಿರುತ್ತದೆ. ಆಗುಂಬೆ, ಮಡಿಕೇರಿಯಂಥ ಕಡೆ ಮೋಡ ಮನೆ ಬಾಗಿಲಿಗೇ ಬರುತ್ತದೆ. ಗುಡುಗು ಮಳೆಯ ಅತಿ ಎತ್ತರದ ಮೋಡದ ನೆತ್ತಿಯೂ 15ರಿಂದ 18 ಕಿ.ಮೀ. ದಾಟುವುದು ಅಪರೂಪ. ಉಲ್ಕೆ ಉರಿಯುವುದಾದರೋ ಸುಮಾರು 80ರಿಂದ 110 ಕಿ.ಮೀ. ಎತ್ತರದಲ್ಲಿ.

ಅಂದರೆ ಮೋಡ ಉಲ್ಕೆಯನ್ನು ತಡೆಯುವುದಿಲ್ಲ. ನಮ್ಮ ಕಣ್ಣನ್ನು ತಡೆಯುತ್ತದೆ, ಅಷ್ಟೆ. ಕೊಡೆ ಹಿಡಿದು ನಿಂತವರ ತಲೆ ನೆನೆಯಲಿಲ್ಲವೆಂದು ಮಳೆಯೇ ಬರಲಿಲ್ಲ ಎನ್ನಲಾಗದು.

ಎಣಿಕೆಯ ವಿಷಯದಲ್ಲಿ ಇದು ದೊಡ್ಡ ಮಾತು. ಸ್ವಚ್ಛ ಆಕಾಶವನ್ನು 40 ನಿಮಿಷ ನೋಡಿ ಒಂದೂ ಉಲ್ಕೆ ಕಾಣದಿದ್ದರೆ ನಿಮ್ಮ ಲೆಕ್ಕ ‘ಸೊನ್ನೆ’. ಅದಕ್ಕೆ ಬೆಲೆಯಿದೆ. ಪೂರ್ತಿ ಮೋಡದ ಕೆಳಗೆ 40 ನಿಮಿಷ ನಿಂತು ಒಂದೂ ಕಾಣದಿದ್ದರೆ ಅದು ಸೊನ್ನೆಯಲ್ಲ. ಅದು ‘ನೋಡಲಾಗಲಿಲ್ಲ’. ಪುಸ್ತಕದಲ್ಲಿ ಮೊದಲನೆಯದಕ್ಕೆ 0 ಎಂದು ಬರೆಯಬೇಕು, ಎರಡನೆಯದಕ್ಕೆ ಗೆರೆ ಎಳೆಯಬೇಕು. ‘ಇಲ್ಲ’ ಎನ್ನುವುದಕ್ಕೂ ‘ಕಾಣಲಿಲ್ಲ’ ಎನ್ನುವುದಕ್ಕೂ ಇರುವ ಈ ವ್ಯತ್ಯಾಸವನ್ನು ಉಳಿಸಿಕೊಳ್ಳಲಿಕ್ಕೇ ಇಡೀ ಎಣಿಕೆಯ ಕ್ರಮ ಹುಟ್ಟಿಕೊಂಡಿದೆ.

‘ಗಂಟೆಗೆ 100’ ಎಲ್ಲಿಂದ ಬಂತು?

ಖಗೋಳ ವೀಕ್ಷಕರು ಬಳಸುವ ಅಳತೆಯೊಂದಿದೆ, ಹೆಸರು ಝಡ್‌ಎಚ್‌ಆರ್. ಅದು ಹೇಳುವುದು ಇಷ್ಟು: ಆಕಾಶದಲ್ಲಿ ಒಂದು ಚೂರೂ ಮೋಡವಿಲ್ಲ, ಬೀದಿದೀಪದ ಬೆಳಕಿಲ್ಲ, ಚಂದ್ರನಿಲ್ಲ, ಬರಿಗಣ್ಣಿಗೆ ಅತಿ ಮಸುಕಾದ ನಕ್ಷತ್ರಗಳೂ ಕಾಣುತ್ತಿವೆ, ಉಲ್ಕೆಗಳು ಹೊಮ್ಮುವ ಬಿಂದು ಸರಿಯಾಗಿ ನೆತ್ತಿಯ ಮೇಲಿದೆ. ಇವೆಲ್ಲ ಒಟ್ಟಿಗೆ ಕೂಡಿಬಂದರೆ ಒಬ್ಬ ವ್ಯಕ್ತಿಗೆ ಗಂಟೆಯಲ್ಲಿ ಎಷ್ಟು ಕಾಣಬಹುದು? ಪರ್ಸಿಯಡ್ಸ್‌ಗೆ ಆ ಸಂಖ್ಯೆ ಸುಮಾರು 100.

ಕಾರಿನ ಜಾಹೀರಾತಿನ ಮೈಲೇಜ್ ನೆನಪಿಸಿಕೊಳ್ಳಿ. ಅದು ಸುಳ್ಳಲ್ಲ. ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಗುವ ಮೈಲೇಜೂ ಅದಲ್ಲ.

ನಮ್ಮ ರಾಜ್ಯದ ಮಟ್ಟಿಗೆ ಒಂದು ಷರತ್ತು ಎಂದಿಗೂ ಪೂರೈಸುವುದಿಲ್ಲ. ಪರ್ಸಿಯಡ್ಸ್ ಉಲ್ಕೆಗಳು ಹೊಮ್ಮಿದಂತೆ ಕಾಣುವುದು ಪರ್ಸಿಯಸ್ ನಕ್ಷತ್ರಪುಂಜದಿಂದ. ಕನ್ನಡದ ಖಗೋಳ ಪುಸ್ತಕಗಳಲ್ಲಿ ಇದರ ಹೆಸರು ಪಾರ್ಥ. ಆ ಬಿಂದು ಆಕಾಶದ ಉತ್ತರ ಭಾಗದಲ್ಲಿದೆ. ಬೆಂಗಳೂರಿನಿಂದ ನೋಡಿದರೆ ಅದು ಅತಿ ಎತ್ತರಕ್ಕೆ ಬಂದಾಗಲೂ ಸುಮಾರು 45 ಡಿಗ್ರಿಯಷ್ಟೇ ಏರುತ್ತದೆ, ಅದೂ ಬೆಳಕು ಹರಿದ ಮೇಲೆ. ಆಗಸ್ಟ್ 12-13ರ ರಾತ್ರಿ ಅದು ದಿಗಂತದಿಂದ ಮೇಲೇಳುವುದೇ 10.30 ದಾಟಿದ ಮೇಲೆ. 1 ಗಂಟೆಗೆ ಸುಮಾರು 18 ಡಿಗ್ರಿ, ಬೆಳಗಿನ ಜಾವ 4ಕ್ಕೆ ಸುಮಾರು 39 ಡಿಗ್ರಿ ಎತ್ತರದಲ್ಲಿರುತ್ತದೆ. ರಾತ್ರಿ 9 ಗಂಟೆಗೆ ತಾರಸಿಗೆ ಹೋಗಿ 10ಕ್ಕೆ ಬೇಸರದಿಂದ ಇಳಿದವರಿಗೆ ಮೋಡವೇ ಇಲ್ಲದಿದ್ದರೂ ಹೆಚ್ಚೇನೂ ಕಾಣುತ್ತಿರಲಿಲ್ಲ.

ಈಗ ಅದೇ 100ನ್ನು ಬೆಂಗಳೂರಿಗೆ ಇಳಿಸಿ ನೋಡೋಣ. ಬೆಳಗಿನ ಜಾವ 4 ಗಂಟೆ, ಬಿಂದು 39 ಡಿಗ್ರಿಯಲ್ಲಿರುವುದರಿಂದ 100 ಎಂಬುದು 63ಕ್ಕೆ ಇಳಿಯುತ್ತದೆ. ನಗರದ ಬೆಳಕಿನಲ್ಲಿ ಪ್ರಕಾಶಮಾನ ನಕ್ಷತ್ರಗಳು ಮಾತ್ರ ಕಾಣುತ್ತವೆ, ಮಸುಕಾದ ಉಲ್ಕೆಗಳು ಮುಳುಗಿಹೋಗುತ್ತವೆ. 63 ಎಂಬುದು ಸುಮಾರು 9 ಆಗುತ್ತದೆ. ಅರ್ಧ ಆಕಾಶ ಮೋಡವಿದ್ದರೆ ನಾಲ್ಕೈದು. ಫಾರ್ವರ್ಡ್‌ನಲ್ಲಿ 100, ಕಣ್ಣಿಗೆ ನಾಲ್ಕೈದು. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ನಡುವಿನ ಲೆಕ್ಕವನ್ನು ಯಾರೂ ಹೇಳಲಿಲ್ಲ ಅಷ್ಟೆ.

ಊರ ಹೊರಗಿನ, ದೀಪಗಳಿಲ್ಲದ ಹೊಲದಲ್ಲಿ ಅದೇ ಹೊತ್ತಿಗೆ ಮೋಡವಿಲ್ಲದಿದ್ದರೆ ಗಂಟೆಗೆ 30ರ ಆಸುಪಾಸು ಕಾಣಬಹುದು. ಮೋಡಕ್ಕಿಂತ ಬೀದಿದೀಪವೇ ಹೆಚ್ಚು ಉಲ್ಕೆಗಳನ್ನು ನುಂಗುತ್ತದೆ ಎಂಬುದನ್ನು ಇಲ್ಲಿ ಗಮನಿಸಿ.

ಅರೆಮೋಡದ ರಾತ್ರಿ ಎಣಿಸುವ ಕ್ರಮ

ಮೇಲಿನ ಲೆಕ್ಕವನ್ನು ಹಿಂದುಮುಂದು ಮಾಡಿದರೆ, ನೀವು ಕಂಡ ನಾಲ್ಕೈದರಿಂದ ನಿಜವಾದ ಸಂಖ್ಯೆಯನ್ನು ಅಂದಾಜಿಸಬಹುದು. ಉಲ್ಕಾವೀಕ್ಷಕರ ಅಂತರರಾಷ್ಟ್ರೀಯ ಸಂಸ್ಥೆಯಾದ ಇಂಟರ್‌ನ್ಯಾಷನಲ್ ಮೀಟಿಯೊರ್ ಆರ್ಗನೈಸೇಶನ್ 1988ರಿಂದ ಜಗತ್ತಿನ ಹವ್ಯಾಸಿಗಳ ಎಣಿಕೆಯನ್ನು ಒಟ್ಟುಗೂಡಿಸುತ್ತಿರುವುದು ಇದೇ ಬಗೆಯ ಲೆಕ್ಕದಿಂದ. ದೂರದರ್ಶಕ ಬೇಡ, ಬೈನಾಕ್ಯುಲರ್ ಬೇಡ. ಚಾಪೆ, ಹೊದಿಕೆ ಮತ್ತು ತಾಳ್ಮೆ ಸಾಕು.

1. ಮೊದಲು 20ರಿಂದ 30 ನಿಮಿಷ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲಿ. ನಡುವೆ ಒಮ್ಮೆ ಮೊಬೈಲ್ ಪರದೆ ನೋಡಿದರೂ ಕಣ್ಣು ಮತ್ತೆ ಮೊದಲಿನಿಂದ ಹೊಂದಿಕೊಳ್ಳಬೇಕಾಗುತ್ತದೆ.

2. ಮೊಬೈಲಿನಲ್ಲಿ ವಾಯ್ಸ್ ರೆಕಾರ್ಡರ್ ಚಾಲೂ ಮಾಡಿ, ಸಮಯ ಹೇಳಿ, ಮೊಬೈಲನ್ನು ಬೋರಲಾಗಿಡಿ. ಉಲ್ಕೆ ಕಂಡಾಗಲೆಲ್ಲ ಬಾಯಲ್ಲಿ ಹೇಳಿದರಾಯಿತು. ಬರೆಯಲು ತಲೆ ತಗ್ಗಿಸಿದಾಗಲೇ ಒಂದೆರಡು ತಪ್ಪಿಹೋಗುತ್ತವೆ.

3. ಮೋಡ ಕಡಿಮೆ ಇರುವ ದಿಕ್ಕಿಗೆ ಮುಖ ಮಾಡಿ, ಆಕಾಶದ ಅರ್ಧ ಎತ್ತರಕ್ಕೆ ದೃಷ್ಟಿ ನೆಟ್ಟು ಮಲಗಿ. ಪಾರ್ಥವೇ ಮೋಡದ ಹಿಂದಿದ್ದರೂ ಚಿಂತೆಯಿಲ್ಲ. ಉಲ್ಕೆಗಳು ಆಕಾಶದ ಯಾವ ಭಾಗದಲ್ಲಾದರೂ ಕಾಣುತ್ತವೆ, ಅವುಗಳ ಗೆರೆಯನ್ನು ಹಿಂದಕ್ಕೆ ಎಳೆದರೆ ಮಾತ್ರ ಪಾರ್ಥಕ್ಕೆ ಹೋಗಿ ಮುಟ್ಟುತ್ತದೆ. ಹಾಗೆ ಮುಟ್ಟದಿದ್ದರೆ ಅದು ಬಿಡಿ ಉಲ್ಕೆ. ಅದನ್ನು ಬೇರೆಯಾಗಿ ಎಣಿಸಿ.

4. 10 ನಿಮಿಷಕ್ಕೊಮ್ಮೆ ನಿಮ್ಮ ಕಣ್ಣಳತೆಯ ಆಕಾಶವನ್ನು ಹತ್ತು ಪಾಲು ಎಂದುಕೊಂಡು, ಎಷ್ಟು ಪಾಲು ಮೋಡ ಎಂದು ಹೇಳಿ: ‘ಎರಡು ಪಾಲು’, ‘ನಾಲ್ಕು ಪಾಲು’. ಇಡೀ ಆಕಾಶದ ಮೋಡ ಬೇಡ, ನೀವು ನೋಡುತ್ತಿರುವ ಭಾಗದ್ದು ಸಾಕು. ಮರ, ನೀರಿನ ಟ್ಯಾಂಕು, ಪಕ್ಕದ ಕಟ್ಟಡ ಅಡ್ಡ ಬಂದಿದ್ದರೆ ಅದನ್ನೂ ಮೋಡದ ಪಾಲಿಗೆ ಸೇರಿಸಿ.

5. ನೀರು ಕುಡಿಯಲು, ಕನ್ನಡಕ ಒರೆಸಲು, ಹನಿ ಬಿದ್ದು ಒಳಗೆ ಓಡಲು ಹೋದ ಹೊತ್ತನ್ನೆಲ್ಲ ಕಳೆಯಿರಿ. ಪೂರ್ತಿ ಮೋಡ ಕವಿದರೆ ಗಡಿಯಾರ ನಿಲ್ಲಿಸಿದಂತೆ. ಮತ್ತೆ ತೆರೆದಾಗ ಮುಂದುವರಿಸಿ.

6. ಎಷ್ಟು ಮಸುಕಾದ ನಕ್ಷತ್ರ ಕಾಣುತ್ತಿದೆ ಎಂದು ಗುರುತು ಹಾಕಿಕೊಳ್ಳಿ. ಬೆಳಗಿನ ಜಾವ ಪೂರ್ವದಲ್ಲಿ ಕೃತ್ತಿಕೆ ಮೇಲೆ ಬಂದಿರುತ್ತದೆ. ಅದರ ಆರು ಚುಕ್ಕಿಗಳು ಬಿಡಿಬಿಡಿಯಾಗಿ ಕಂಡರೆ ನಿಮ್ಮ ಆಕಾಶ ಎಣಿಕೆಗೆ ಸಾಕಷ್ಟು ಚೆನ್ನಾಗಿದೆ. ಬರೀ ಮಬ್ಬು ಗುಂಪಿನಂತೆ ಕಂಡರೆ ತೆಳುಮೋಡ ಅಥವಾ ನಗರದ ಬೆಳಕು ಅಡ್ಡ ಬಂದಿದೆ.

ಈ ತೆಳುಮೋಡದ ಬಗ್ಗೆ ಒಂದು ಎಚ್ಚರಿಕೆ. ದಟ್ಟ ಮೋಡ ಎದ್ದು ಕಾಣುತ್ತದೆ, ಲೆಕ್ಕಕ್ಕೆ ಸಿಗುತ್ತದೆ. ಎತ್ತರದಲ್ಲಿ ಹರಡಿದ ತೆಳುಪರದೆ ಕಣ್ಣಿಗೆ ಮೋಡ ಎನಿಸುವುದೇ ಇಲ್ಲ, ಆದರೆ ಮಸುಕಾದ ಉಲ್ಕೆಗಳನ್ನು ಅಳಿಸಿಹಾಕುತ್ತದೆ. ನಕ್ಷತ್ರಗಳು ಎಷ್ಟು ಕಾಣುತ್ತಿವೆ ಎಂದು ಅರ್ಧ ಗಂಟೆಗೊಮ್ಮೆ ಮತ್ತೆ ನೋಡಬೇಕಾದದ್ದು ಇದಕ್ಕಾಗಿಯೇ.

ಒಂದು ಲೆಕ್ಕ ಮಾಡಿ ನೋಡೋಣ

ಚಿತ್ರದುರ್ಗದ ಕಡೆಯ ಒಂದು ಹೊಲದಲ್ಲಿ ನೀವು ಬೆಳಗಿನ ಜಾವ 3.30ರಿಂದ 4.30ರವರೆಗೆ ಮಲಗಿದ್ದಿರಿ ಎಂದುಕೊಳ್ಳಿ. ಕಂಡ ಪರ್ಸಿಯಡ್ಸ್ 9. ಹತ್ತು ನಿಮಿಷಕ್ಕೊಮ್ಮೆ ಹೇಳಿದ ಮೋಡದ ಪಾಲು 2, 3, 4, 2, 1, 0. ನಡುವೆ 6 ನಿಮಿಷ ಎದ್ದು ಹೋಗಿದ್ದಿರಿ.

ಮೋಡ: ಆರು ಸಂಖ್ಯೆಗಳ ಮೊತ್ತ 12, ಸರಾಸರಿ 2 ಪಾಲು. ಅಂದರೆ ಹತ್ತರಲ್ಲಿ 8 ಪಾಲು ಆಕಾಶವಷ್ಟೇ ತೆರೆದಿತ್ತು. 9ನ್ನು 0.8ರಿಂದ ಭಾಗಿಸಿದರೆ 11.25.

ಸಮಯ: ನೋಡಿದ್ದು 54 ನಿಮಿಷ, ಅಂದರೆ 0.9 ಗಂಟೆ. 11.25ನ್ನು 0.9ರಿಂದ ಭಾಗಿಸಿದರೆ 12.5.

ಬಿಂದುವಿನ ಎತ್ತರ: ಆ ಗಂಟೆಯ ಮಧ್ಯದಲ್ಲಿ 39 ಡಿಗ್ರಿಯ ಸುಮಾರು. ಅದಕ್ಕೆ ಸರಿಹೊಂದುವ ಸಂಖ್ಯೆ (39 ಡಿಗ್ರಿಯ ಸೈನ್) 0.63. ಭಾಗಿಸಿದರೆ ಸುಮಾರು 20.

ಕತ್ತಲೆ: ಬರಿಗಣ್ಣಿಗೆ 5ನೇ ಕಾಂತಿಮಾನದ ನಕ್ಷತ್ರಗಳವರೆಗೆ ಕಂಡವು ಎಂದಿಟ್ಟುಕೊಳ್ಳಿ. ಆದರ್ಶ ಆಕಾಶದಲ್ಲಿ 6.5ರವರೆಗೆ ಕಾಣಬೇಕು. ಈ ಕೊರತೆ ತುಂಬಲು ಪರ್ಸಿಯಡ್ಸ್‌ಗೆ ಸುಮಾರು 3.26ರಿಂದ ಗುಣಿಸಬೇಕು. ಸಿಗುವುದು 65.

ಕಣ್ಣಿಗೆ ಬಿದ್ದದ್ದು 9, ಲೆಕ್ಕ ಹೇಳುವುದು 65. ಹಾಗೆಂದು 65 ಎಂದು ಎದೆ ತಟ್ಟಿ ಹೇಳುವಂತಿಲ್ಲ. ಒಂಬತ್ತರಂಥ ಸಣ್ಣ ಎಣಿಕೆಯಲ್ಲಿ ಅದೃಷ್ಟದ ಪಾಲು ದೊಡ್ಡದು, ಮೂರು ಹೆಚ್ಚಾಗಬಹುದು, ಮೂರು ಕಡಿಮೆಯಾಗಬಹುದು. ಆದ್ದರಿಂದ ಉತ್ತರವನ್ನು ‘65, ಆಚೀಚೆ 22’ ಎಂದು ಬರೆಯುವುದು ಪದ್ಧತಿ. ಮೋಡ ಹೆಚ್ಚಿದಷ್ಟೂ ಈ ಆಚೀಚೆ ಹಿಗ್ಗುತ್ತದೆ. ನೋಡುವ ಭಾಗದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಮುಚ್ಚಿದ್ದರೆ ಲೆಕ್ಕ ಸಡಿಲವಾಗುತ್ತಾ ಹೋಗುತ್ತದೆ. ಹತ್ತರಲ್ಲಿ ಎಂಟು ಪಾಲು ಮುಚ್ಚಿದ ಆಕಾಶದಲ್ಲಿ ಕಂಡ ಒಂದೇ ಉಲ್ಕೆಯನ್ನು ಗುಣಿಸಿ ಗುಣಿಸಿ ನೂರು ಮಾಡಿದರೆ ಅದು ಎಣಿಕೆಯಲ್ಲ, ಊಹೆ.

ನಿಮ್ಮೊಬ್ಬರ 9ಕ್ಕೆ ಇಷ್ಟು ಶ್ರಮ ಏಕೆ ಎನಿಸಬಹುದು. ಉತ್ತರ ಸರಳ: ಮೋಡ ಎಲ್ಲ ಊರಿನ ಮೇಲೂ ಒಟ್ಟಿಗೆ ಕವಿಯುವುದಿಲ್ಲ. ಮಂಗಳೂರು ಮುಚ್ಚಿದ್ದಾಗ ಘಟ್ಟದ ಈಚೆಗೆ, ಮಳೆನೆರಳಿನ ಚಳ್ಳಕೆರೆಯಲ್ಲೋ ಕೊಪ್ಪಳದಲ್ಲೋ ಒಂದು ಗಂಟೆ ತೆರೆದಿರಬಹುದು. ಭಾರತ ಮುಚ್ಚಿದ್ದಾಗ ಸ್ಪೇನ್ ತೆರೆದಿರಬಹುದು. ಮೋಡದ ಪಾಲು, ನೋಡಿದ ನಿಮಿಷ, ಆಕಾಶದ ಕತ್ತಲೆ ಇಷ್ಟನ್ನೂ ಬರೆದಿಟ್ಟಿದ್ದರೆ ಮಾತ್ರ ಈ ಬೇರೆ ಬೇರೆ ಎಣಿಕೆಗಳನ್ನು ಒಂದೇ ತಕ್ಕಡಿಗೆ ಹಾಕಬಹುದು. ದೂಳಿನ ಹೊಳೆಯಲ್ಲಿ ಎಲ್ಲಿ ದಟ್ಟ, ಎಲ್ಲಿ ತೆಳು ಎಂದು ತಿಳಿಯುವುದರಲ್ಲಿ ಹವ್ಯಾಸಿಗಳ ಇಂಥ ಎಣಿಕೆಗಳ ಪಾಲು ದೊಡ್ಡದು.

ಪೂರ್ತಿ ಮುಚ್ಚಿದರೆ? ಕಿವಿ ಇದೆ

ಕಣ್ಣಿಗೆ ಕಾಣುವ ಬೆಳಕು ಮೋಡವನ್ನು ದಾಟುವುದಿಲ್ಲ. ರೇಡಿಯೊ ತರಂಗ ದಾಟುತ್ತದೆ. ಮಳೆ ಸುರಿಯುವಾಗಲೂ ನಿಮ್ಮ ಮನೆಯ ಎಫ್‌ಎಂ ಹಾಡುತ್ತಿರುತ್ತದಲ್ಲ, ಹಾಗೆ.

ಉಲ್ಕೆ ಉರಿಯುವಾಗ ತನ್ನ ಹಿಂದೆ ವಿದ್ಯುದಾವೇಶ ಹೊಂದಿದ ಅನಿಲದ ತೆಳ್ಳನೆಯ ಎಳೆಯೊಂದನ್ನು ಬಿಡುತ್ತದೆ. ಅದು ಕ್ಷಣಕಾಲ ರೇಡಿಯೊ ತರಂಗಗಳಿಗೆ ಕನ್ನಡಿಯಾಗುತ್ತದೆ. ಸಾಮಾನ್ಯವಾಗಿ ದೂರದ ಎಫ್‌ಎಂ ನಿಲ್ದಾಣ ನಮಗೆ ಕೇಳಿಸುವುದಿಲ್ಲ. ಭೂಮಿ ಉರುಟಾಗಿರುವುದರಿಂದ ಅದರ ತರಂಗ ನಮ್ಮ ತಲೆಯ ಮೇಲಿಂದ ಬಾಹ್ಯಾಕಾಶಕ್ಕೆ ಹೊರಟುಹೋಗುತ್ತದೆ. ಸರಿಯಾದ ಕೋನದಲ್ಲಿ ಉಲ್ಕೆಯ ಕನ್ನಡಿ ಸಿಕ್ಕರೆ ಸಾವಿರ ಕಿ.ಮೀ. ಆಚೆಯ ನಿಲ್ದಾಣದ ದನಿ ಒಂದು ತುಣುಕು ಹೊತ್ತು ಇಲ್ಲಿ ಕೇಳಿಸಿ ಮಾಯವಾಗುತ್ತದೆ.

ಇದು ತಿಳಿದದ್ದು ಯುದ್ಧದ ಗದ್ದಲದಲ್ಲಿ. ಎರಡನೇ ಮಹಾಯುದ್ಧದ ಕೊನೆಗೆ ಜರ್ಮನಿಯ ವಿ-2 ರಾಕೆಟ್‌ಗಳನ್ನು ಹುಡುಕಲು ಬ್ರಿಟಿಷ್ ಸೇನೆ ರಾಡಾರ್‌ಗಳನ್ನು ಆಕಾಶಕ್ಕೆ ತಿರುಗಿಸಿತ್ತು. ರಾಕೆಟ್ ಬಾರದಿದ್ದಾಗಲೂ ಪ್ರತಿಧ್ವನಿಗಳು ಬರುತ್ತಿದ್ದವು. ಅವು ಉಲ್ಕೆಗಳಿಂದ ಎಂದು ಜೇಮ್ಸ್ ಹೇ ಮತ್ತು ಸಂಗಡಿಗರು ತೋರಿಸಿದರು. ಅತ್ತ ಬರ್ನಾರ್ಡ್ ಲೊವೆಲ್ 1945ರ ಡಿಸೆಂಬರ್‌ನಲ್ಲಿ ಸೇನೆಯ ಹಳೆಯ ರಾಡಾರ್ ಒಂದನ್ನು ಮ್ಯಾಂಚೆಸ್ಟರ್ ಬಳಿಯ ಜಾಡ್ರೆಲ್ ಬ್ಯಾಂಕ್‌ಗೆ ತಂದರು. ಅವರು ಹುಡುಕಿ ಹೊರಟದ್ದು ಕಾಸ್ಮಿಕ್ ಕಿರಣಗಳನ್ನು, ಸಿಕ್ಕಿದ್ದು ಉಲ್ಕೆಗಳು. ಆಗ ಅವರಿಗೆ ನೆರವಾದವರು ಪ್ರೆಂಟಿಸ್ ಎಂಬ ವಕೀಲರು. ಅವರು ಬರಿಗಣ್ಣಿನಿಂದ ಉಲ್ಕೆ ಎಣಿಸುವುದರಲ್ಲಿ ಪಳಗಿದ್ದ ಹವ್ಯಾಸಿ. 1946ರ ಆಗಸ್ಟ್‌ನ ಪರ್ಸಿಯಡ್ಸ್ ದಿನಗಳಲ್ಲಿ ಪ್ರೆಂಟಿಸ್ ಅವರ ಕಣ್ಣು ಮತ್ತು ರಾಡಾರ್‌ನ ಕಿವಿ ಒಟ್ಟಿಗೇ ಕೆಲಸ ಮಾಡಿದವು. ಮುಂದಿನ ವರ್ಷ ಅದೇ ರಾಡಾರ್ ಹಗಲಿನಲ್ಲೂ ಉಲ್ಕಾಮಳೆ ಸುರಿಯುತ್ತದೆ ಎಂದು ತೋರಿಸಿಕೊಟ್ಟಿತು. ಬಿಸಿಲಿನಲ್ಲಿ ಯಾರ ಕಣ್ಣಿಗೂ ಬೀಳದಿದ್ದ ಉಲ್ಕೆಗಳು ಅವು.

ನಮ್ಮ ನೆರೆಯಲ್ಲೂ ಇಂಥ ಕಿವಿಗಳಿವೆ. ಕೇರಳದ ತುಂಬಾದಲ್ಲಿ ಉಲ್ಕಾ ರಾಡಾರ್ ಕೆಲಸ ಮಾಡಿದೆ. ತಿರುಪತಿ ಬಳಿಯ ಗಾದಂಕಿಯ ದೊಡ್ಡ ರಾಡಾರ್ ಕೂಡ ಉಲ್ಕೆಗಳನ್ನು ಗಮನಿಸಿದೆ. ಅವುಗಳಿಗೆ ಮುಂಗಾರು ಅಡ್ಡಿಯಲ್ಲ. ಉಲ್ಕೆ ಬಿಟ್ಟ ಎಳೆ ಗಾಳಿಗೆ ಎತ್ತ ಸರಿಯುತ್ತದೆ ಎಂದು ನೋಡಿ, 90 ಕಿ.ಮೀ. ಎತ್ತರದಲ್ಲಿ ಗಾಳಿ ಹೇಗೆ ಬೀಸುತ್ತಿದೆ ಎಂಬುದನ್ನು ವಿಜ್ಞಾನಿಗಳು ಅಳೆಯುತ್ತಾರೆ.

ಮನೆಯ ಎಫ್‌ಎಂನಲ್ಲಿ ಕೇಳಬಹುದೇ?

ಪ್ರಯತ್ನಿಸಬಹುದು. ಯಾವ ನಿಲ್ದಾಣವೂ ಬಾರದ, ಬರೀ ‘ಸುಯ್ಯ್’ ಎನ್ನುವ ಒಂದು ಜಾಗಕ್ಕೆ ರೇಡಿಯೊ ತಿರುಗಿಸಿ. ಉದ್ದ ಆಂಟೆನಾ ಇರುವ ಹಳೆಯ ರೇಡಿಯೊ ಅಥವಾ ಕಾರಿನ ರೇಡಿಯೊ ಒಳ್ಳೆಯದು. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಕೇಳಿ. ಆ ಸುಯ್ಯಿನ ನಡುವೆ ಹಾಡಿನ ತುಣುಕೋ ಮಾತಿನ ಚೂರೋ ತಟಕ್ಕನೆ ಬಂದು ಹೋದರೆ ಅದು ಉಲ್ಕೆಯದ್ದಿರಬಹುದು. ಆದರೆ ಕೆಲವು ಮಾತು ಮೊದಲೇ ತಿಳಿದಿರಲಿ.

• ಮೊಬೈಲ್ ಆ್ಯಪ್‌ನ ‘ರೇಡಿಯೊ’ ಪ್ರಯೋಜನವಿಲ್ಲ. ಅದು ಇಂಟರ್ನೆಟ್ ಮೂಲಕ ಬರುತ್ತದೆ, ಗಾಳಿಯಿಂದಲ್ಲ. ಇಯರ್‌ಫೋನ್ ಹಾಕಿ ಕೇಳುವ ನಿಜವಾದ ಎಫ್‌ಎಂ ಇರುವ ಮೊಬೈಲ್‌ಗೂ ಆಂಟೆನಾ ದುರ್ಬಲ.

• ಬೆಂಗಳೂರಿನಂಥ ಊರಿನಲ್ಲಿ ಎಫ್‌ಎಂ ಪಟ್ಟಿ ಕಿಕ್ಕಿರಿದಿರುತ್ತದೆ. ಖಾಲಿ ಜಾಗ ಸಿಗುವುದು ಕಷ್ಟ. ಹಳ್ಳಿಯಲ್ಲಿ ಸುಲಭ.

• ಚಟಪಟ ಎಂಬ ಸದ್ದು ಮಿಂಚಿನದು, ಉಲ್ಕೆಯದಲ್ಲ. ನಿಮಿಷಗಟ್ಟಲೆ ಸ್ಪಷ್ಟವಾಗಿ ಬರುವ ನಿಲ್ದಾಣವೂ ಉಲ್ಕೆಯಿಂದಲ್ಲ, ಅದಕ್ಕೆ ವಾತಾವರಣದ ಬೇರೆ ಕಾರಣಗಳಿರುತ್ತವೆ.

• ಉಲ್ಕಾಮಳೆ ಇಲ್ಲದ ದಿನವೂ ಬಿಡಿ ಉಲ್ಕೆಗಳು ಬೀಳುತ್ತಲೇ ಇರುತ್ತವೆ. ಹಾಗಾಗಿ ಒಂದು ವಾರ ಮುಂಚೆ ಇದೇ ಹೊತ್ತಿಗೆ, ಇದೇ ಜಾಗಕ್ಕೆ ರೇಡಿಯೊ ತಿರುಗಿಸಿ ಒಂದು ಗಂಟೆ ಎಣಿಸಿಟ್ಟುಕೊಳ್ಳಿ. ಆಗಸ್ಟ್ 13ರ ಎಣಿಕೆ ಅದಕ್ಕಿಂತ ಎಷ್ಟು ಹೆಚ್ಚು ಎಂಬುದೇ ಮುಖ್ಯ. ಹೋಲಿಸಲು ಏನೂ ಇಲ್ಲದ ಒಂಟಿ ಸಂಖ್ಯೆಗೆ ಅರ್ಥವಿಲ್ಲ.

• ರೇಡಿಯೊ ಎಣಿಕೆಯನ್ನೂ ಕಣ್ಣಿನ ಎಣಿಕೆಯನ್ನೂ ಕೂಡಿಸಬೇಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಉಲ್ಕೆಯೂ ರೇಡಿಯೊಗೆ ಸಿಗಬಹುದು.

2026ರಲ್ಲಿ ಏನು ಮಾಡಬಹುದು?

ಈ ವರ್ಷ ಪರ್ಸಿಯಡ್ಸ್‌ಗೆ ಚಂದ್ರನ ಕಾಟವಿಲ್ಲ. ಆಗಸ್ಟ್ 12 ಅಮಾವಾಸ್ಯೆ. ಅದೇ ದಿನ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಸ್ಪೇನ್ ಕಡೆ ಖಗ್ರಾಸ ಸೂರ್ಯಗ್ರಹಣವಿದೆ. ಅದು ಭಾರತದಲ್ಲಿ ಕಾಣುವುದಿಲ್ಲ. ಗ್ರಹಣ ಮತ್ತು ಉಲ್ಕಾಮಳೆಯನ್ನು ಬೆರೆಸಿದ ಫಾರ್ವರ್ಡ್ ಬಂದರೆ ಇದು ನೆನಪಿರಲಿ.

ಒಂದೇ ರಾತ್ರಿಯ ಮೇಲೆ ಎಲ್ಲ ಆಸೆ ಇಡಬೇಡಿ. ಮುಖ್ಯ ರಾತ್ರಿಯ ಹಿಂದುಮುಂದಿನ ಒಂದೆರಡು ರಾತ್ರಿಗಳಲ್ಲೂ ಉಲ್ಕೆಗಳು ಕಡಿಮೆ ಸಂಖ್ಯೆಯಲ್ಲಿ ಬರುತ್ತವೆ. ಮೂರು ರಾತ್ರಿ ಇಟ್ಟುಕೊಂಡರೆ ಎಲ್ಲೋ ಒಂದು ಗಂಟೆ ಮೋಡ ಸರಿಯುವ ಸಾಧ್ಯತೆ ಹೆಚ್ಚು. ಮಲಗುವ ಮುನ್ನ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಇನ್‌ಸ್ಯಾಟ್ ಉಪಗ್ರಹದ ಚಿತ್ರ ನೋಡಿ. ರಾತ್ರಿಯಾದ್ದರಿಂದ ಅವಗೆಂಪು ಚಿತ್ರವನ್ನೇ ಆರಿಸಿಕೊಳ್ಳಿ. ಅಚ್ಚ ಬಿಳಿ ಇರುವಲ್ಲಿ ಎತ್ತರದ ದಟ್ಟ ಮೋಡ. ಕಪ್ಪಾಗಿರುವಲ್ಲಿ ಆಶೆಯಿದೆ, ಆದರೆ ತಗ್ಗಿನ ಬೆಚ್ಚಗಿನ ಮೋಡ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಕೊನೆಗೆ ಹೊರಗೆ ಬಂದು ತಲೆಯೆತ್ತಿ ನೋಡುವುದೇ ಖಾತ್ರಿ.

ಗುಡುಗು ಮಿಂಚು ಇದ್ದರೆ ಬಯಲಿನಲ್ಲಿ, ತಾರಸಿಯಲ್ಲಿ ಇರಬೇಡಿ. ಮಳೆಗಾಲದ ಹೊಲದಲ್ಲಿ ಹಾವು ಚೇಳುಗಳಿರುತ್ತವೆ, ನೆಲದಲ್ಲಿ ಮಲಗುವ ಬದಲು ಮಂಚವೋ ಒರಗುಕುರ್ಚಿಯೋ ಮೇಲು. ಒಬ್ಬರೇ ಅಪರಿಚಿತ ಜಾಗಕ್ಕೆ ಹೋಗಬೇಡಿ.

ಆಗಸ್ಟ್ ಕೈಕೊಟ್ಟರೂ ವರ್ಷ ಮುಗಿದಿಲ್ಲ. ಡಿಸೆಂಬರ್ 13-14ರ ಸುಮಾರಿಗೆ ಜೆಮಿನಿಡ್ಸ್ ಬರುತ್ತದೆ. ಅದು ಪರ್ಸಿಯಡ್ಸ್‌ಗಿಂತ ಜೋರು. ಉಲ್ಕೆ ಹೊಮ್ಮುವ ಮಿಥುನ ರಾಶಿ ನಮ್ಮ ನೆತ್ತಿಯ ಹತ್ತಿರಕ್ಕೇ ಏರುತ್ತದೆ, ಮುಂಗಾರು ಮುಗಿದಿರುತ್ತದೆ. ಈ ವರ್ಷ ಆ ಹೊತ್ತಿಗೆ ಎಳೆಚಂದ್ರ ನಡುರಾತ್ರಿಗೆ ಮೊದಲೇ ಮುಳುಗಿರುತ್ತಾನೆ. ಫಾರ್ವರ್ಡ್‌ಗಳಲ್ಲಿ ಪರ್ಸಿಯಡ್ಸ್‌ಗೆ ಸಿಗುವಷ್ಟು ಪ್ರಚಾರ ಇದಕ್ಕೆ ಸಿಕ್ಕರೆ ಕರ್ನಾಟಕದವರಿಗೆ ಹೆಚ್ಚು ಲಾಭ. ಆಗಸ್ಟ್‌ನ ಮೋಡದಲ್ಲಿ ಎಣಿಸಲು ಕಲಿತ ಕಣ್ಣಿಗೆ ಡಿಸೆಂಬರ್ ಹಬ್ಬ.

ಶೇರ್ ಮಾಡುವ ಮುನ್ನ

ಉಲ್ಕಾಮಳೆಯ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ. ದಿನಾಂಕದ ಜೊತೆ ವರ್ಷ ಇದೆಯೇ? ನೋಡಬೇಕಾದ ಹೊತ್ತು ನಮ್ಮ ಊರಿನದೋ, ಅಮೆರಿಕದ್ದೋ? ಸಂಖ್ಯೆ ಹೇಳಿದ್ದರೆ ಅದು ಎಂಥ ಆಕಾಶಕ್ಕೆ ಎಂದು ಹೇಳಿದೆಯೇ?

‘ಏನೂ ಇರಲಿಲ್ಲ’ ಎಂದು ಬರೆಯುವ ಮುನ್ನವೂ ಮೂರು: ಎಷ್ಟು ಹೊತ್ತಿಗೆ ನೋಡಿದೆ? ಎಷ್ಟು ನಿಮಿಷ ನೋಡಿದೆ? ಎಷ್ಟು ಪಾಲು ಮೋಡವಿತ್ತು?

ಇದು ಉಲ್ಕೆಗಷ್ಟೇ ಸೀಮಿತವಾದ ಮಾತಲ್ಲ. ಮನೆಯ ಮಗು ನಿದ್ದೆಗೆಟ್ಟು ತಾರಸಿಗೆ ಬಂದು, ಮೋಡ ಕಂಡು, ದೊಡ್ಡವರ ಬಾಯಲ್ಲಿ ‘ವಿಜ್ಞಾನಿಗಳು ಹೇಳುವುದೆಲ್ಲ ಇಷ್ಟೇ’ ಎಂದು ಕೇಳಿಸಿಕೊಂಡರೆ, ನಾಳೆ ಲಸಿಕೆಯ ಬಗ್ಗೆ, ಚಂಡಮಾರುತದ ಬಗ್ಗೆ ಹೇಳಿದರೂ ಅದೇ ಮಾತು ನೆನಪಾಗುತ್ತದೆ. ಬದಲಿಗೆ ಆ ಮಗುವಿನ ಕೈಗೆ ಒಂದು ಪುಸ್ತಕ ಪೆನ್ನು ಕೊಟ್ಟು, ಮೋಡ ಎಷ್ಟು ಪಾಲು ಎಂದು ಕೇಳಿ.

ಗ್ರೂಪಿಗೆ ಕಳಿಸಲು ಚಿಕ್ಕ ಸಂದೇಶ ಬೇಕಿದ್ದರೆ ಇದನ್ನು ಕಳಿಸಿ:

‘ಪರ್ಸಿಯಡ್ಸ್ ಉಲ್ಕಾಮಳೆ: 2026 ಆಗಸ್ಟ್ 12ರ ರಾತ್ರಿ ಕಳೆದು 13ರ ಬೆಳಗಿನ ಜಾವ 2ರಿಂದ 4.45. ಬರಿಗಣ್ಣು ಸಾಕು. ನಗರದಲ್ಲಿ ಗಂಟೆಗೆ ಕೆಲವು, ಕತ್ತಲೆಯ ಹಳ್ಳಿಯಲ್ಲಿ ಮೂವತ್ತರ ಸುಮಾರು ಕಾಣಬಹುದು. ಮೋಡವಿದ್ದರೆ ಕಡಿಮೆ. ಹಿಂದಿನ ಮತ್ತು ಮರುದಿನದ ರಾತ್ರಿಯೂ ನೋಡಿ. ಕಂಡಷ್ಟನ್ನು ಎಣಿಸಿ, ಮೋಡ ಹತ್ತರಲ್ಲಿ ಎಷ್ಟು ಪಾಲು ಎಂದೂ ಬರೆಯಿರಿ. ಮೊಬೈಲ್ ಆಫ್ ಮಾಡಬೇಕಿಲ್ಲ, ಬೋರಲಾಗಿಟ್ಟರೆ ಸಾಕು.’